ಕಣ್ಣು ಮುಚ್ಚಿದ ಕ್ಷಣಗಳ ಲೆಕ್ಕ

ಸಂತೆಯ ದಿನ ನಡುಹಗಲಿನಲ್ಲಿ ಎರಡು ತಾಸು ಬಾಗಿಲು ಮುಚ್ಚಿದ ಅಂಗಡಿಯವನೊಬ್ಬನು, "ವಾರಕ್ಕೆ ೧೬೮ ತಾಸು; ಅದರಲ್ಲಿ ಎರಡು ತಾಸು ಯಾವ ದೊಡ್ಡ ನಷ್ಟ?" ಎಂದು ಸಮಾಧಾನಪಟ್ಟುಕೊಂಡರೆ ನಮಗೆ ನಗೆ ಬಂದೀತು. ಪರಮಾಣುವಿಗಿಂತಲೂ ಸೂಕ್ಷ್ಮವಾದ ಕಣಗಳನ್ನು ಶೋಧಿಸುವ ಮಹಾಯಂತ್ರಗಳ ಫಲಕದ ಮೇಲೂ ಇಂಥದೇ ಲೆಕ್ಕ ಕಾಣಿಸಿಕೊಳ್ಳಬಲ್ಲುದೆಂದರೆ ವಾಚಕರು ಒಡನೆ ನಂಬಲಾರರು.

ಜಿನೀವಾ ನಗರದ ಬಳಿ ಸರ್ನ್ ಸಂಸ್ಥೆಯು ನೆಲದಡಿಯಲ್ಲಿ ೨೭ ಕಿಲೋಮೀಟರ್ ಸುತ್ತಳತೆಯ ವರ್ತುಲವೊಂದನ್ನು ರಚಿಸಿದೆ. ಪ್ರೋಟಾನುಗಳು ಗುಂಪುಗುಂಪಾಗಿ ಎದುರುಬದುರು ಧಾವಿಸಿ ಘರ್ಷಿಸುವುದು ಇದರಲ್ಲಿಯೇ. ಗುಂಪಿನಿಂದ ಗುಂಪಿಗೆ ೨೫ ನ್ಯಾನೊಸೆಕೆಂಡುಗಳ ಅಂತರ. ಎಂದರೆ ಒಂದು ಸೆಕೆಂಡಿನಲ್ಲಿ ನಾಲ್ಕು ಕೋಟಿ ಸರದಿಗಳು. ಅಲ್ಲಿಯ ಸಿ.ಎಂ.ಎಸ್. ಎಂಬ ಶೋಧಕವು ೨೦೧೮ರಲ್ಲಿ ಇವುಗಳಿಂದ ಸೆಕೆಂಡಿಗೆ ಸುಮಾರು ಒಂದು ಲಕ್ಷವನ್ನು ಮಾತ್ರ ಮೊದಲ ಹಂತದಲ್ಲಿ ಆಯ್ದುಕೊಳ್ಳಬಲ್ಲುದಾಗಿತ್ತು. ಒಂದನ್ನು ಆಯ್ದ ಮೇಲೆ ಮುಂದಿನ ಎರಡು ಸರದಿಗಳನ್ನು ಬಿಟ್ಟುಕೊಡಲೇಬೇಕೆಂಬುದು ಅದರ ನಿಯಮ. ಈ ಕುರುಡು ಕ್ಷಣಗಳೇ ಡೆಡ್‌ಟೈಮ್, ಮೃತಕಾಲವೆನ್ನೋಣ. ಲಕ್ಷ ಬಾರಿ ೫೦ ನ್ಯಾನೊಸೆಕೆಂಡು ಎಂದರೆ ೫ ಮಿಲಿಸೆಕೆಂಡು; ಶೇಕಡ ೦.೫.

ಇದು ಗಡಿಯಾರದ ಲೆಕ್ಕ. ವರ್ತುಲದಲ್ಲಿ ಗುಂಪುಗಳಿಗೆ ೩,೫೬೪ ಸ್ಥಾನಗಳಿವೆ. ಆದರೆ ೨೦೧೮ರ ಹಲವು ಓಟಗಳಲ್ಲಿ ಈ ಶೋಧಕದೊಳಗೆ ಘರ್ಷಣೆ ನಡೆದುದು ೨,೫೪೪ ಸ್ಥಾನಗಳಲ್ಲಿ ಮಾತ್ರ. ತುಂಬಿದ ಸ್ಥಾನಗಳು ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು ಬರುವುದರಿಂದ, ಬಿಟ್ಟುಕೊಟ್ಟ ಸರದಿಗಳು ಬಹುಮಟ್ಟಿಗೆ ತುಂಬಿದವೇ. ಆದುದರಿಂದ ನಿಜವಾದ ನಷ್ಟ ಸುಮಾರು ೦.೭. ಅಂತರ ಅಲ್ಪವೆನ್ನಬೇಡಿ, ಇದೇ ಪ್ರಮಾಣದಲ್ಲಿ ಫಲಕವು ಐದೆಂದಾಗ ನಷ್ಟ ಏಳು!

ತದ್ವಿರುದ್ಧವೂ ಉಂಟು. ೮೯ ಮೈಕ್ರೊಸೆಕೆಂಡುಗಳ ಪ್ರತಿ ಸುತ್ತಿನಲ್ಲಿಯೂ ಸುಮಾರು ೩ ಮೈಕ್ರೊಸೆಕೆಂಡು ಬರಿದಾಗಿರುತ್ತದೆ. ಅಪಾಯ ಒದಗಿದರೆ ಕಣಪ್ರವಾಹವನ್ನು ಹೊರದೂಡಲು ಬೇಕಾದ ಬಿಡುವು ಅದು. ಆ ಬಿಡುವಿನಲ್ಲಿ ಉಪಕರಣದ ಪರೀಕ್ಷೆ ನಡೆಸಿದರೆ ಮೃತಕಾಲದ ಅಂಕಿ ಏರುತ್ತದೆ, ನಷ್ಟವೇನೂ ಇಲ್ಲ. ಇದಕ್ಕಾಗಿಯೇ ಪ್ರವಾಹವಿದ್ದ ಕ್ಷಣಗಳ ಮೃತಕಾಲವನ್ನು ಬೇರೆಯಾಗಿ ಎಣಿಸಬೇಕಾಯಿತು.

ಇಷ್ಟು ಜಿಪುಣತನವೇಕೆ? ೨೦೧೨ರಲ್ಲಿ ಪತ್ತೆಯಾದ ಹಿಗ್ಸ್ ಕಣವಾಗಲಿ, ಇನ್ನೊಂದಾಗಲಿ, ಅದು ಎಷ್ಟು ಅಪರೂಪವೆಂದು ಹೇಳಬೇಕಾದರೆ ಕಂಡ ಕಣಗಳ ಸಂಖ್ಯೆಯನ್ನು ಶೋಧಕವು ಕಣ್ಣು ತೆರೆದು ನೋಡಿದ ಘರ್ಷಣೆಗಳ ಮೊತ್ತದಿಂದ ಭಾಗಿಸಬೇಕು. ಆ ಮೊತ್ತವನ್ನು ಶೇಕಡ ಒಂದರ ಆಸುಪಾಸಿನ ಖಚಿತತೆಯಿಂದ ತಿಳಿಯಲು ವಿಜ್ಞಾನಿಗಳು ವರ್ಷಗಟ್ಟಲೆ ಶ್ರಮಿಸುತ್ತಾರೆ. ಅಲ್ಲಿ ಎರಡು ಪಾಲಿನ ತಪ್ಪು ನುಸುಳಿದರೆ ಎಲ್ಲ ಉತ್ತರಗಳೂ ಒಂದೇ ಕಡೆಗೆ ವಾಲುತ್ತವೆ. ಹತ್ತು ಪಟ್ಟು ಹೆಚ್ಚು ದತ್ತಾಂಶ ಕೂಡಿಸಿದರೂ ಆ ವಾಲು ಸರಿಹೋಗದು.

ಅಂಕಿ ಸರಿಯಿದ್ದರೂ ಅಪರಾಧಿಯ ಹೆಸರು ತಪ್ಪಾಗಿರಬಹುದು. ಕೊನೆಯ ಗಣಕಯಂತ್ರವೊಂದು ನಿಧಾನವಾದರೆ ಅದರ ಹಿಂದಿನ ಸಂಗ್ರಹ ತುಂಬುತ್ತದೆ, ಅದರ ಹಿಂದಿನದೂ ತುಂಬುತ್ತದೆ. ಕಡೆಗೆ "ಸಾಕು, ನಿಲ್ಲಿಸಿ" ಎಂದು ಕೆಂಪು ದೀಪ ಹಚ್ಚುವುದು ಎಲ್ಲರಿಗಿಂತ ಮುಂದೆ ಕುಳಿತ ನಿರಪರಾಧಿ ಮಂಡಲ. ಕಟ್ಟೆಯೊಡ್ಡಿದ್ದು ಕೆಳಗೆ, ನೀರು ಉಕ್ಕಿದ್ದು ಮೇಲೆ! ಇಬ್ಬರು ಒಟ್ಟಿಗೆ ದೀಪ ಹಚ್ಚಿದ್ದರೆ ಇಬ್ಬರ ಶೇಕಡಾಂಶಗಳನ್ನು ಸುಮ್ಮನೆ ಕೂಡಿಸುವಂತೆಯೂ ಇಲ್ಲ. ಅನುಭವಿಯಾದ ಯಂತ್ರಜ್ಞನು ಕೆಂಪು ದೀಪವನ್ನು ನಂಬದೆ, ಪ್ರವಾಹದ ಹಾದಿಯಲ್ಲಿ ಕೆಳಗಿಳಿಯುತ್ತ, ಯಾವ ಸಂಗ್ರಹ ಎಲ್ಲಕ್ಕಿಂತ ಮೊದಲು ತುಂಬಿತೆಂದು ಕಾಲಾನುಕ್ರಮದಲ್ಲಿ ನೋಡುತ್ತಾನೆ. ತುಂಬಿದ ಕೊನೆಯ ಸಂಗ್ರಹದ ಆಚೆಗೆ ಬರಿದಾದ ಸಂಗ್ರಹ ಕಂಡರೆ, ದೋಷವಿರುವುದು ಅವೆರಡರ ನಡುವೆ.