ಅರ್ಜಿಯಲ್ಲಿ ಮಕ್ಕಳ ಲೆಕ್ಕವೇಕೆ?

ಸೇನೆಯಿಂದ 2017ರಲ್ಲಿ ನಿವೃತ್ತರಾದ ಯೋಧರೊಬ್ಬರು ಮರುವರ್ಷ ರಾಜಸ್ಥಾನದಲ್ಲಿ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕಿದರು. 2002ರ ಜೂನ್ 1ರ ನಂತರ ಎರಡಕ್ಕಿಂತ ಹೆಚ್ಚು ಮಕ್ಕಳಿದ್ದರೆ ಅನರ್ಹ ಎಂಬ ನಿಯಮದಡಿ ಅದು ತಿರಸ್ಕೃತವಾಯಿತು. 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ನಿಯಮವನ್ನು ಎತ್ತಿಹಿಡಿಯಿತು. ಕೋರ್ಟ್ ಒಪ್ಪಿದ ಮಾತ್ರಕ್ಕೆ ಅದು ಒಳ್ಳೆಯ ನಿಯಮವೇ? ಅಪ್ಪನ ಸಂಬಳ ತಪ್ಪಿದರೆ ಕಷ್ಟ ಈಗಾಗಲೇ ಹುಟ್ಟಿರುವ ಮಕ್ಕಳಿಗೆ.

ಚಿಕ್ಕ ಸಂಸಾರ ಬೇಡವೆನ್ನುತ್ತಿಲ್ಲ. ನಾವು ಇಬ್ಬರೇ ಆದ್ದರಿಂದ ನನಗೂ ತಂಗಿಗೂ ಕಾಲೇಜು ಫೀಸು ಕಟ್ಟಲು ಅಪ್ಪನಿಗೆ ಹೇಗೋ ಸಾಧ್ಯವಾಯಿತು. ಆದರೆ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನೌಕರಿಗೆ ಇಂಥ ಷರತ್ತಿಲ್ಲದ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ರಾಜಸ್ಥಾನದಲ್ಲಿ 2.0. ಹೆಣ್ಣುಮಕ್ಕಳ ಓದಿಗೆ, ತಡವಾದ ಮದುವೆಗೆ ಇದರಲ್ಲಿ ದೊಡ್ಡ ಪಾಲಿದೆ. ಹುದ್ದೆಗೆ ಅಂಕ ನೋಡಲಿ, ಓಟ ನೋಡಲಿ. ಮನೆಯಲ್ಲಿ ಎಷ್ಟು ಮಕ್ಕಳೆಂದು ಎಣಿಸುವುದನ್ನು ಬಿಡಲಿ.