ಚರಿತ್ರೆಯ ಪುಟಗಳಿಂದ: ಸಿಂಹಗಡ ರಸ್ತೆಯ ಸಾಮುರಾಯಿ ತೋಟ

ಪುಣೆಯಲ್ಲಿ ನೆಲಸಿದ ನಮ್ಮ ಕುಟುಂಬಗಳಲ್ಲಿ ಸಿಂಹಗಡ ರಸ್ತೆಯ ಪು. ಲ. ದೇಶಪಾಂಡೆ ಉದ್ಯಾನವನ್ನು ನೋಡದವರು ವಿರಳ. ಊರಿನಿಂದ ಬೀಗರು ಬಂದರೆಂದರೆ ಶನಿವಾರವಾಡೆ, ಪರ್ವತಿಗಳ ತರುವಾಯ ಮೂರನೆಯ ದರ್ಶನ ಇದೇ. 2006ರಲ್ಲಿ ತೆರೆದ ಈ ಹತ್ತು ಎಕರೆಯ ತೋಟಕ್ಕೆ ಪುಣೆ-ಒಕಾಯಾಮಾ ಮೈತ್ರಿ ಉದ್ಯಾನವೆಂದೂ ಹೆಸರುಂಟು. ಪು. ಲ. ಅವರು ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿದವರು. ಜಪಾನನ್ನು ಸುತ್ತಿ ಬಂದು ‘ಪೂರ್ವರಂಗ’ದಲ್ಲಿ ಬರೆದವರು. ಹೆಸರು ತೋಟಕ್ಕೆ ಚೆನ್ನಾಗಿಯೇ ಒಪ್ಪಿದೆ.

ಆದರೆ ಈ ತೋಟದ ಮೂಲಪುರುಷ ಬೇರೊಬ್ಬನಿದ್ದಾನೆ. ಇದಕ್ಕೆ ಮಾದರಿಯಾದುದು ಜಪಾನಿನ ಒಕಾಯಾಮಾ ನಗರದ ಕೊರಾಕುಎನ್. ಅದನ್ನು 1687ರಲ್ಲಿ ಮಾಡಿಸತೊಡಗಿದವನು ಅಲ್ಲಿನ ಸಂಸ್ಥಾನಿಕ ಇಕೆದಾ ತ್ಸುನಾಮಾಸಾ. ಕೆಲಸ ಹೊತ್ತು ನಡೆಸಿದವನು ಅವನ ಕಾರಭಾರಿ ತ್ಸುದಾ ನಾಗಾತಾದಾ. 1700ರಲ್ಲಿ ಅದು ಪೂರ್ತಿಯಾಯಿತು. ಇತ್ತ ಅದೇ ವರ್ಷ ರಾಜಾರಾಮ ಛತ್ರಪತಿಗಳು, ಮೊಗಲರೊಡನೆ ಕಾದಾಟ ಇನ್ನೂ ಮುಗಿಯದಿರುವಾಗಲೇ, ಇದೇ ಸಿಂಹಗಡದ ಮೇಲೆ ತೀರಿಕೊಂಡರು. ಇಲ್ಲಿ ಕುದುರೆಯಿಂದ ಇಳಿಯಲು ಪುರಸೊತ್ತಿಲ್ಲದ ಕಾಲ. ಅಲ್ಲಿ ಖಡ್ಗಧಾರಿಗಳು ಹುಲ್ಲುಹಾಸು, ಕೊಳ, ಚಹದ ತೋಟ, ಭತ್ತದ ಮಡಿ ಇವುಗಳನ್ನು ಜೋಡಿಸುತ್ತ ಕುಳಿತಿದ್ದರು. ಇದು ಹೇಗೆ ಸಾಧ್ಯವಾಯಿತೆಂಬುದೇ ಈ ಸಲದ ಕತೆ.

ಸಾಮುರಾಯಿ ಎಂದೊಡನೆ ನಮ್ಮ ಮಕ್ಕಳ ಕಣ್ಣಿಗೆ ಕಟ್ಟುವುದು ಸಿನೆಮಾದ ಕತ್ತಿವರಸೆ. ನಿಜವಾದ ಸಾಮುರಾಯಿ ಮೊದಲಿಗೆ ಒಬ್ಬ ಸಂಬಳದ ಆಳು. ಆ ಸಂಬಳವೂ ಅಕ್ಕಿಯಲ್ಲಿ. ಅಳತೆಗೆ ‘ಕೊಕು’ ಎಂದು ಹೆಸರು. ಒಂದು ಕೊಕು ಎಂದರೆ ಸುಮಾರು 180 ಲೀಟರು, ಒಬ್ಬ ಮನುಷ್ಯ ಒಂದು ವರ್ಷ ಉಣ್ಣುವಷ್ಟು ಅಕ್ಕಿ. ಸಂಸ್ಥಾನಿಕನನ್ನು ‘ದೈಮ್ಯೊ’ ಎನ್ನುವರು. ಅವನ ದೊಡ್ಡಸ್ತಿಕೆಯೂ ಕೊಕುಗಳಲ್ಲಿಯೇ. ಇಕೆದಾ ಮನೆತನದ ಒಕಾಯಾಮಾ 3 ಲಕ್ಷ 15 ಸಾವಿರ ಕೊಕುಗಳದು. ಜಮಖಂಡಿ, ರಾಮದುರ್ಗ, ಮುಧೋಳಗಳ ಕಡೆಯ ನಮ್ಮ ಹಿರಿಯರಿಗೆ ಈ ಏರ್ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುರೊಸಾವಾ 1954ರಲ್ಲಿ ತೆಗೆದ ‘ಏಳು ಸಾಮುರಾಯಿಗಳು’ ಚಿತ್ರದಲ್ಲಿ ಒಡೆಯನಿಲ್ಲದ ಸಾಮುರಾಯಿಗಳು ಹಳ್ಳಿಯ ಕಾವಲಿಗೆ ನಿಲ್ಲುವುದು ಬರಿ ಅನ್ನಕ್ಕಾಗಿ. ಅದು ಅತಿಶಯೋಕ್ತಿಯಲ್ಲ.

ಇನ್ನು ಚಕ್ರವರ್ತಿಯ ವಿಷಯ. ಜಪಾನಿನ ಈಗಿನ ಚಕ್ರವರ್ತಿ ನಾರುಹಿತೊ, 2019ರಲ್ಲಿ ಪಟ್ಟಕ್ಕೆ ಬಂದವರು, ಪರಂಪರೆಯ ಎಣಿಕೆಯಂತೆ 126ನೆಯವರು. ಮೊದಲ ಹೆಸರುಗಳು ಪುರಾಣದವು. ಆದರೂ ಇಷ್ಟು ದೀರ್ಘಕಾಲ ಒಂದೇ ಮನೆತನ ಪಟ್ಟದಲ್ಲಿ ಉಳಿದುದು ಬೇರೆಲ್ಲಿಯೂ ಕಾಣದು. ಹೇಗೆ ಉಳಿಯಿತು? ಆಳದೆ ಇದ್ದುದರಿಂದ ಉಳಿಯಿತು. 1192ರಲ್ಲಿ ಮಿನಾಮೊತೊ ಯೊರಿತೊಮೊ ಎಂಬ ವೀರ ‘ಶೋಗುನ್’, ಅಂದರೆ ಸೇನಾಧಿಪತಿ, ಎಂಬ ಬಿರುದು ಪಡೆದು ಕಾಮಾಕುರಾದಲ್ಲಿ ಆಡಳಿತ ನಡೆಸಿದ. ಚಕ್ರವರ್ತಿ ಕ್ಯೋಟೊ ನಗರದಲ್ಲಿಯೇ ಉಳಿದ. ಮುಂದೆ 1600ರ ಸೆಕಿಗಾಹಾರಾ ಯುದ್ಧವನ್ನು ಗೆದ್ದ ತೊಕುಗಾವಾ ಇಯೆಯಾಸು 1603ರಲ್ಲಿ ಶೋಗುನ್ ಆಗಿ ಎಡೊ ಊರಿನಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ತಳವೂರಿದ. ಅವನ ಮನೆತನದ 15 ಜನ ಒಬ್ಬರಾದ ಮೇಲೊಬ್ಬರು 1867ರ ವರೆಗೆ ಆಳಿದರು.

ಪುಣೆಯಲ್ಲಿ ಇರುವ ನಮಗೆ ಇದು ಎಲ್ಲೋ ಕೇಳಿದ ಕತೆ ಎನಿಸಬೇಕು. ಸಾತಾರೆಯಲ್ಲಿ ಛತ್ರಪತಿ, ಪುಣೆಯಲ್ಲಿ ಪೇಶವೆ. 1713ರಲ್ಲಿ ಶಾಹು ಮಹಾರಾಜರು ಬಾಳಾಜಿ ವಿಶ್ವನಾಥನಿಗೆ ಪೇಶವೆ ಪದವಿ ಕೊಟ್ಟರು. 1749ರಲ್ಲಿ ಶಾಹು ತೀರಿಕೊಂಡ ಮೇಲೆ ಅಧಿಕಾರವೆಲ್ಲ ಶನಿವಾರವಾಡೆಗೆ ಬಂದಿತು. ಆದರೂ ಹೊಸ ಪೇಶವೆಗೆ ಅಧಿಕಾರದ ವಸ್ತ್ರಗಳು ಬರಬೇಕಾದದ್ದು ಸಾತಾರೆಯಿಂದಲೇ. ಅತ್ತ ಎಡೊದ ಶೋಗುನನಿಗೂ ಬಿರುದು ಬರಬೇಕಾದದ್ದು ಕ್ಯೋಟೊದಿಂದಲೇ. ಮೈಸೂರಿನ ದಳವಾಯಿಗಳು ಒಡೆಯರನ್ನು ಪಟ್ಟದಲ್ಲಿರಿಸಿ ತಾವು ರಾಜ್ಯವಾಳಿದುದೂ ಇದೇ ಬಗೆ. ಅಲ್ಲಿ 1761ರಲ್ಲಿ ದಳವಾಯಿಗಳ ಸ್ಥಾನಕ್ಕೆ ಹೈದರ್ ಅಲಿ ಬಂದ, ಒಡೆಯರು ಮಾತ್ರ ಪಟ್ಟದಲ್ಲಿಯೇ ಇದ್ದರು.

ಪಟ್ಟದಲ್ಲಿದ್ದವರ ಪಾಡು ಮಾತ್ರ ಕೇಳುವಂತಿಲ್ಲ. 1500ರಲ್ಲಿ ಗೊ-ತ್ಸುಚಿಮಿಕಾದೊ ಚಕ್ರವರ್ತಿ ತೀರಿಕೊಂಡಾಗ ಉತ್ತರಕ್ರಿಯೆಗೆ ಹಣವಿಲ್ಲದೆ ದೇಹವು ಸುಮಾರು 40 ದಿನ ಹಾಗೆಯೇ ಇದ್ದಿತು. ಅವನ ಮೊಮ್ಮಗ ಗೊ-ನಾರಾ 1526ರಲ್ಲಿ ಪಟ್ಟಕ್ಕೆ ಬಂದರೂ ಪಟ್ಟಾಭಿಷೇಕದ ಸಮಾರಂಭ ನಡೆದುದು ಹತ್ತು ವರ್ಷಗಳ ಮೇಲೆ. ಅವನು ತನ್ನ ಕೈಬರಹದ ಹಾಳೆಗಳನ್ನು ಮಾರಿ ಖರ್ಚು ತೂಗಿಸಿದನಂತೆ. ದೇವಾಂಶನೆಂದು ಕೈಮುಗಿಸಿಕೊಳ್ಳುವ ಮನೆಯಲ್ಲಿ ಈ ಸ್ಥಿತಿ!

ತೊಕುಗಾವಾ ಕಾಲದ ಶಾಂತಿಗೆ ಒಂದು ಉಪಾಯ ಕಾರಣ. ಪ್ರತಿಯೊಬ್ಬ ದೈಮ್ಯೊ ಒಂದು ವರ್ಷ ತನ್ನೂರಲ್ಲಿ, ಮರುವರ್ಷ ಎಡೊದಲ್ಲಿ ಇರತಕ್ಕದ್ದೆಂದು 1635ರಲ್ಲಿ ಕಟ್ಟಳೆಯಾಯಿತು. ಹೆಂಡತಿ ಮಕ್ಕಳು ಸದಾ ಎಡೊದಲ್ಲಿಯೇ, ಒಂದು ಬಗೆಯ ಒತ್ತೆಯಾಗಿ. ಎರಡು ಸಂಸಾರಗಳ ಖರ್ಚು, ಪ್ರತಿವರ್ಷ ಪರಿವಾರದೊಡನೆ ಪ್ರಯಾಣದ ಖರ್ಚು. ಬಂಡಾಯಕ್ಕೆ ಹಣ ಉಳಿಯುವುದೆಲ್ಲಿಂದ? (ಎರಡೂರಿನ ಸಂಸಾರವೆಂದರೇನೆಂದು ನಮ್ಮ ಓದುಗರಲ್ಲಿ ಅನೇಕರು ಬಲ್ಲರು.) ಯುದ್ಧವಿಲ್ಲದ ಸಾಮುರಾಯಿ ಲೆಕ್ಕಪತ್ರ ಬರೆದ, ಕಾಲುವೆ ತೋಡಿಸಿದ, ಶಾಲೆ ನಡೆಸಿದ. ಕೊರಾಕುಎನ್ ಮಾಡಿದ ತ್ಸುದಾ ನಾಗಾತಾದಾ ಸಮುದ್ರದಿಂದ ಹೊಸ ಗದ್ದೆಗಳನ್ನು ತೆಗೆದವನು. ಅವನೇ ಕಟ್ಟಿಸಿದ ಶಿಜುತಾನಿ ಶಾಲೆಯಲ್ಲಿ ರೈತರ ಮಕ್ಕಳೂ ಓದಿದರು.

ಪುಣೆಯ ಪೇಶವಾಯಿ 1818ರಲ್ಲಿ ಮುಗಿಯಿತು. ಸರಿಯಾಗಿ 50 ವರ್ಷಗಳ ಮೇಲೆ, 1868ರಲ್ಲಿ, ಜಪಾನಿನಲ್ಲಿ ಶೋಗುನರ ಆಳ್ವಿಕೆ ಹೋಗಿ ಮೇಯಿಜಿ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರಕಾರ ನಿಂತಿತು. ಇಲ್ಲಿಯೂ ಇಂಗ್ಲಿಷರು ಸಾತಾರೆಯ ಪ್ರತಾಪಸಿಂಹನನ್ನು ಗಾದಿಯ ಮೇಲೆ ಕೂರಿಸಿದ್ದರು. ಆದರೆ 1848ರಲ್ಲಿ ದತ್ತಕವನ್ನು ಮಾನ್ಯಮಾಡದೆ ಡಾಲ್‌ಹೌಸಿ ಸಾತಾರೆಯನ್ನು ನುಂಗಿದ. ಜಪಾನಿನಲ್ಲಿ ಅಳಿಯನನ್ನೋ ದಾಯಾದಿಯ ಮಗನನ್ನೋ ದತ್ತು ತೆಗೆದುಕೊಂಡು ಮನೆತನ ಉಳಿಸುವುದು ಸಾಮುರಾಯಿಗಳ ನಿತ್ಯದ ವಾಡಿಕೆ. ಕೊನೆಯ ಶೋಗುನ್ ಯೊಶಿನೊಬು ಕೂಡ ದತ್ತಕ ಹೋದವನೇ.

ಹೊಸ ಸರಕಾರ 1871ರಲ್ಲಿ ಸಂಸ್ಥಾನಗಳನ್ನು ತೆಗೆದು ಜಿಲ್ಲೆಗಳನ್ನು ಮಾಡಿತು. (ನಮ್ಮಲ್ಲಿ ರಾಜರ ರಾಜಧನ ನಿಂತದ್ದು 1971ರಲ್ಲಿ.) ಕುಟುಂಬದವರೂ ಸೇರಿ ಸಾಮುರಾಯಿಗಳು ಸುಮಾರು 20 ಲಕ್ಷ ಜನ, ಅವರ ಸಂಬಳಕ್ಕೇ ಸರಕಾರದ ವೆಚ್ಚದ ಸುಮಾರು ಮೂರನೆಯ ಒಂದು ಪಾಲು ಹೋಗುತ್ತಿತ್ತು. 1873ರಲ್ಲಿ ರೈತನ ಮಗನೂ ಸಿಪಾಯಿಯಾಗತಕ್ಕದ್ದೆಂದು ಕಾನೂನಾಯಿತು. 1876ರಲ್ಲಿ ಸಂಬಳ ನಿಲ್ಲಿಸಿ ಸಾಲಪತ್ರ ಕೊಟ್ಟರು. ಬೀದಿಯಲ್ಲಿ ಕತ್ತಿ ಧರಿಸಕೂಡದೆಂದರು. ಮರುವರ್ಷ ಸಾಯಿಗೊ ತಾಕಾಮೊರಿಯ ನೇತೃತ್ವದಲ್ಲಿ ಸಾತ್ಸುಮಾದ ಸಾಮುರಾಯಿಗಳು ದಂಗೆಯೆದ್ದರು. ಅವರನ್ನು ಸೋಲಿಸಿದುದು ಅದೇ ರೈತರ ಮಕ್ಕಳಿದ್ದ ಸೈನ್ಯ.

ಉಳಿದವರು ಏನು ಮಾಡಿದರು? ಕೆಲವರು ಸಾಲಪತ್ರ ಮಾರಿ ಅಂಗಡಿ ಹಾಕಿ ಕೈಸುಟ್ಟುಕೊಂಡರು. ಬಹಳ ಜನ ಪೋಲೀಸರು, ಗುಮಾಸ್ತರು, ಮಾಸ್ತರರು ಆದರು. ಹೆಣ್ಣುಮಕ್ಕಳ ಸಂಗತಿ ಇನ್ನೂ ಸ್ವಾರಸ್ಯದ್ದು. 1872ರಲ್ಲಿ ಸರಕಾರ ತೊಮಿಯೊಕಾದಲ್ಲಿ ರೇಷ್ಮೆ ನೂಲುವ ಕಾರಖಾನೆ ತೆರೆಯಿತು. ಕಲಿಸಲು ಫ್ರೆಂಚರು ಬಂದರು. ಅವರು ಕುಡಿಯುವ ಕೆಂಪು ದ್ರಾಕ್ಷಾರಸವನ್ನು ಕಂಡ ಜನ, ಹುಡುಗಿಯರ ರಕ್ತ ಹೀರುತ್ತಾರೆಂದು ಸುದ್ದಿ ಹಬ್ಬಿಸಿದರು. ಯಾರೂ ಮಗಳನ್ನು ಕಳಿಸಲೊಲ್ಲರು. ಕೊನೆಗೆ ಕಾರಖಾನೆಯ ಮುಖ್ಯಸ್ಥ ಒದಾಕಾ ತನ್ನ ಮಗಳನ್ನೇ ಮೊದಲ ಕೆಲಸದವಳನ್ನಾಗಿ ಸೇರಿಸಿದ. ಮರುವರ್ಷ ಮಾತ್ಸುಶಿರೊದ ಸಾಮುರಾಯಿ ಮನೆಯಿಂದ ಬಂದ ಎಯಿ ಎಂಬ ಹುಡುಗಿ ಅಲ್ಲಿ ಕಲಿತು, ತನ್ನೂರಿಗೆ ಮರಳಿ ಅಲ್ಲಿನ ಕಾರಖಾನೆಯಲ್ಲಿ ಇತರರಿಗೆ ಕಲಿಸಿದಳು. ವಾದಾ ಎಯಿ ಎಂಬ ಹೆಸರಿನಿಂದ ಅವಳು ಮುಂದೆ ಬರೆದಿಟ್ಟ ನೆನಪುಗಳು ಇಂದಿಗೂ ಅಲ್ಲಿ ಓದಲ್ಪಡುತ್ತವೆ. ‘ಬುಷಿದೊ’ ಎಂಬ ವೀರಧರ್ಮದ ಪುಸ್ತಕವನ್ನು ನಿತೊಬೆ ಇಂಗ್ಲಿಷಿನಲ್ಲಿ ಪ್ರಕಟಿಸಿದ್ದು 1900ರಲ್ಲಿ, ಕತ್ತಿಗಳು ಗೋಡೆಗೇರಿದ ಎಷ್ಟೋ ವರ್ಷಗಳ ಮೇಲೆ. ನನಗೆ ಆ ಗ್ರಂಥಕ್ಕಿಂತ ಈ ಹುಡುಗಿಯ ಬರಹದ ಮೇಲೆ ಹೆಚ್ಚು ವಿಶ್ವಾಸ.

ಆ ರೇಷ್ಮೆಯ ಎಳೆ ನಮ್ಮ ನಾಡಿಗೂ ಬಂದಿದೆ. ಜಮ್‌ಶೇಟಜಿ ಟಾಟಾ 1890ರ ದಶಕದಲ್ಲಿ ಬೆಂಗಳೂರಿನಲ್ಲಿ ಜಪಾನೀ ತಜ್ಞರನ್ನು ಕರೆಸಿ ರೇಷ್ಮೆ ಕ್ಷೇತ್ರ ಸ್ಥಾಪಿಸಿದರು. ಬಸವನಗುಡಿಯ ಕಡೆ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಈಗಲೂ ಇದೆ. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಓದಿ ಇಂಜಿನಿಯರಾದ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿಬಂದರು. ಸಾಮುರಾಯಿ ಆಳ್ವಿಕೆ ಹೋಗಿ ಆಗ ಬರಿಯ 30 ವರ್ಷ. ಅಲ್ಲಿನ ಶಾಲೆಗಳನ್ನೂ ಕೈಗಾರಿಕೆಗಳನ್ನೂ ಅವರು ಮುಂದೆ ಎಷ್ಟೋ ಸಲ ಉದಾಹರಿಸಿದರು. ಇದೇ ಸಿಂಹಗಡ ರಸ್ತೆಯ ಆಚೆಗಿನ ಖಡಕವಾಸಲಾ ಅಣೆಕಟ್ಟಿಗೆ 1903ರಲ್ಲಿ ತಾವಾಗಿ ತೆರೆಯುವ ಬಾಗಿಲುಗಳನ್ನು ಅಳವಡಿಸಿದವರು ಅವರೇ. 1912ರಲ್ಲಿ ಮೈಸೂರಿನ ದಿವಾನರಾದರು. ಮರುವರ್ಷವೇ ಅಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂದಿತು.

ಇಕೆದಾ ಮನೆತನದ ತೋಟವೂ ಮನೆತನದ ಕೈಯಲ್ಲಿ ಉಳಿಯಲಿಲ್ಲ. 1884ರಲ್ಲಿ ಅದು ಒಕಾಯಾಮಾ ಪ್ರಾಂತದ ಸರಕಾರಕ್ಕೆ ಸೇರಿ ಸಾಮಾನ್ಯ ಜನರಿಗೆ ತೆರೆಯಿತು. 1934ರ ಮಹಾಪೂರದಲ್ಲಿ ಹಾಳಾಯಿತು. 1961ರ ಪಾನಶೆತ ಪ್ರಳಯವನ್ನು ಕಂಡ ಪುಣೆಯ ಹಿರಿಯರು ಅದನ್ನು ಊಹಿಸಬಲ್ಲರು. 1945ರಲ್ಲಿ ಅಮೆರಿಕದ ಬಾಂಬುಗಳು ಬಿದ್ದವು. ಹಳೆಯ ಚಿತ್ರಗಳು, ನಕಾಶೆಗಳು ಉಳಿದಿದ್ದುದರಿಂದ ಮೊದಲಿದ್ದಂತೆಯೇ ಕಟ್ಟಿದರು. ಯುದ್ಧಕಾಲದಲ್ಲಿ ಅಲ್ಲಿನ ಕೊಕ್ಕರೆಗಳೂ ಇಲ್ಲವಾಗಿದ್ದವು. ತಾರುಣ್ಯದಲ್ಲಿ ಒಕಾಯಾಮಾದಲ್ಲಿ ಓದಿದ್ದ ಚೀನದ ಲೇಖಕ ಗುವೊ ಮೊರುವೊ 1956ರಲ್ಲಿ ಎರಡು ಕೊಕ್ಕರೆಗಳನ್ನು ಕಾಣಿಕೆಯಾಗಿ ಕಳಿಸಿಕೊಟ್ಟ.