ಕಟ್ಟೆ ಹಿಗ್ಗಿಸುವ ಮುನ್ನ

ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದರೆ ರೈತನ ಕಣ್ಣು ಮೊದಲು ಹೋಗುವುದು ಮನೆಯ ಮುಂದಿನ ಕಟ್ಟೆಯ ಮೇಲೆ. ಅದು ತಪ್ಪಲ್ಲ. ಭತ್ತದ ಚೀಲ ಇಳಿಸುವುದು ಅಲ್ಲಿ, ಬಾಳೆಯ ವ್ಯಾಪಾರ ಕುದುರುವುದು ಅಲ್ಲಿ, ಬೇಸಿಗೆಯ ರಾತ್ರಿ ಹಿರಿಯರು ಮಲಗುವುದೂ ಅಲ್ಲಿಯೇ. ಆದುದರಿಂದ ಕಟ್ಟೆಯನ್ನು ದೊಡ್ಡದು ಮಾಡಿಸಬೇಡಿ ಎಂದು ನಾನು ಹೇಳಲಾರೆ. ಮಾಡಿಸಿ, ಗುದ್ದಲಿ ಹಾಕುವ ಮೊದಲು ಎರಡು ಮಾತು ಕೇಳಿ.

ನಿಮ್ಮ ಮನೆ ಹಂಪಿ, ಕಮಲಾಪುರದ ಸುತ್ತ ಇದ್ದರೆ ಕಾಯಿದೆಯ ಸಂಗತಿ ಮೊದಲು. ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರು ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರು ನಿಯಂತ್ರಿತ ಪ್ರದೇಶ. ಇಷ್ಟು ಬಹಳ ಮಂದಿಗೆ ಗೊತ್ತು. ಗೊತ್ತಿಲ್ಲದ್ದು ಮುಂದಿನದು. ಇದ್ದ ಮನೆಯನ್ನು ಅಡ್ಡಕ್ಕಾಗಲಿ ಎತ್ತರಕ್ಕಾಗಲಿ ಬೆಳೆಸುವುದನ್ನೂ ಆ ಕಾಯಿದೆ ‘ನಿರ್ಮಾಣ’ವೆಂದೇ ಎಣಿಸುತ್ತದೆ. ಕಟ್ಟೆಯನ್ನು ಒಂದು ಮೊಳ ಮುಂದೆ ತಂದರೂ ಅಷ್ಟೇ! ದುರಸ್ತಿಯ ಮಾತು ಬೇರೆ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯಾದರೆ ನಿಷೇಧಿತ ಪ್ರದೇಶದಲ್ಲೂ ದುರಸ್ತಿಗೆ ಅನುಮತಿ ಕೇಳಬಹುದು. ಹಳೆಯ ಮನೆ ಕಂದಾಯದ ರಸೀದಿಗಳನ್ನು ದಯವಿಟ್ಟು ಎಸೆಯಬೇಡಿ. ಇದರ ಮೇಲೆ ಹಂಪಿ ವಿಶ್ವ ಪರಂಪರೆ ಪ್ರದೇಶದ 2002ರ ರಾಜ್ಯ ಕಾಯಿದೆಯೂ ಉಂಟು. ಪಂಚಾಯಿತಿಯ ಚೀಟಿಯೊಂದನ್ನೇ ನಂಬಿ ಕೂಡುವಂತಿಲ್ಲ. 2011ರ ಜುಲೈನಲ್ಲಿ ಹಂಪಿ ಬಜಾರಿನಲ್ಲಿ ನಡೆದ ತೆರವನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ.

ಆದರೆ ಅಧಿಕಾರಿಗಳಿಗೂ ಒಂದು ಮಾತು ಸಲ್ಲಬೇಕು. ವಿರೂಪಾಕ್ಷನ ಗುಡಿಯ ಮುಂದಿನ ಸಾಲು ಮಂಟಪಗಳು ಮತ್ತೇನು? ಕಂಬ ನಿಲ್ಲಿಸಿ ಚಪ್ಪಡಿ ಹೊದಿಸಿದ ಜಗಲಿಗಳೇ ಅಲ್ಲವೇ? ಈ ಬಿಸಿಲ ನಾಡಿನಲ್ಲಿ ನೆರಳೂ ಪರಂಪರೆಯೇ. ಎಲ್ಲಿ ಅವಕಾಶವಿದೆಯೋ ಅಲ್ಲಿಗೆ ಒಪ್ಪುವಂಥ ಕಟ್ಟೆಯ ನಕ್ಷೆ ಎರಡು ಮೂರನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪಂಚಾಯಿತಿ ಗೋಡೆಗೆ ಹಚ್ಚಿದರೆ ಎಷ್ಟು ಖರ್ಚಾದೀತು? ಒಂದು ಕಟ್ಟೆಗಾಗಿ ರೈತ ಎಷ್ಟು ಸಲ ಹೊಸಪೇಟೆಯ ಬಸ್ಸು ಹತ್ತಬೇಕು? ‘ಕೂಡದು’ ಎಂಬ ಫಲಕ ಬರೆಸುವವರು ‘ಹೀಗೆ ಮಾಡಬಹುದು’ ಎಂಬುದನ್ನೂ ಬರೆಸಲಿ.

ಕಂಪ್ಲಿಯ ಎರೆಭೂಮಿಯವರ ತೊಂದರೆ ಬೇರೆ. ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಹಳೆಯ ಗೋಡೆಗೆ ಹೊಸ ಕಟ್ಟೆಯನ್ನು ಬಿಗಿಯಾಗಿ ಬೆಸೆದರೆ ವರ್ಷದೊಳಗೆ ಸಂದಿನಲ್ಲಿ ಬಿರುಕು ಕಾಣಿಸೀತು. ಪಾಯವನ್ನು ಗಟ್ಟಿ ನೆಲದವರೆಗೆ ಇಳಿಸಿ. ಕಟ್ಟೆಯ ಹೊಟ್ಟೆಗೆ ಎರೆಮಣ್ಣು ಬೇಡ, ಗರಸು ತುಂಬಿಸಿ ನೀರು ಹಾಕಿ ದಮ್ಮಸು ಮಾಡಿಸಿ. ಗೋಡೆಗೂ ಕಟ್ಟೆಗೂ ನಡುವೆ ಬೆರಳಗಲ ಸಂದು ಬಿಟ್ಟು, ಮಳೆನೀರು ಇಳಿಯದಂತೆ ಮೇಲೆ ಮುಚ್ಚಿಸಿ. ಸಂಡೂರಿನ ಅದಿರು ಲಾರಿಗಳ ದಾರಿಯವರು ರಸ್ತೆಯ ಕಡೆಗೆ ಮೋಟುಗೋಡೆ ಎಬ್ಬಿಸದಿದ್ದರೆ ಕೆಂಧೂಳಿಗೆ ಹಾಸಿಗೆ ಹಾಸಿದಂತೆಯೇ.

ಮೇಲೆ ಬರೀ ತಗಡು ಹೊದಿಸುವ ಚಟ ಈಗ ಹೆಚ್ಚಿದೆ. ಅಗ್ಗವೇನೋ ಹೌದು, ಆದರೆ ಏಪ್ರಿಲ್ ಮಧ್ಯಾಹ್ನ ಅದರ ಕೆಳಗೆ ನಾಯಿಯೂ ಮಲಗದು. ಜಂತಿ ಹಾಕಿ ಮೇಲುಮುದ್ದೆ ಮಾಡಿಸಲು ಆಗದಿದ್ದರೆ ತಗಡಿನ ಮೇಲೆ ಕಬ್ಬಿನ ರವದಿಯನ್ನಾದರೂ ದಪ್ಪಗೆ ಹೊದಿಸಿ; ಒಲೆಯ ಕಿಡಿ ಹಾರುವ ಕಡೆ ಮಾತ್ರ ಬೇಡ.